ನಕ್ಷತ್ರ ಒತ್ತಿದ ಪುಟಗಳು

ಕೂಡಿಡುವ ಚಟ ನನಗೆ ತಂದೆಯವರಿಂದ ಬಂದದ್ದು. ಅವರ ಮಂಚದ ಕೆಳಗೆ ತಗಡಿನ ಟ್ರಂಕೊಂದು ಇತ್ತು. ಬಾಗಿದ ಮೊಳೆಗಳು, ಹುರಿ ಬಿಚ್ಚಿದ ಹಗ್ಗದ ತುಂಡುಗಳು, ಕಳೆದ ವರ್ಷಗಳ ಪಂಚಾಂಗಗಳು, ಯಾರ ಮದುವೆಯದೆಂದು ಮನೆಯಲ್ಲಿ ಯಾರಿಗೂ ನೆನಪಿಲ್ಲದ ಲಗ್ನಪತ್ರಿಕೆಗಳು ಎಲ್ಲವೂ ಅದರಲ್ಲಿ ಭದ್ರವಾಗಿದ್ದವು. ಇವುಗಳ ಜೊತೆಗೆ ಹನ್ನೊಂದು ಕೀಲಿಕೈಗಳ ಒಂದು ಗೊಂಚಲು. ಅವುಗಳಲ್ಲಿ ಒಂದಕ್ಕೂ ಬೀಗವಿರಲಿಲ್ಲ. "ಯಾವುದಕ್ಕರ ಬರ್ತದ, ಇರ್ಲಿ" ಎಂಬುದು ಅವರ ವಾದ. ಅವರು ತೀರಿಕೊಂಡ ಮೇಲೆ ಟ್ರಂಕನ್ನು ಖಾಲಿ ಮಾಡುವಾಗ ಮೊಳೆ, ಹಗ್ಗಗಳನ್ನೆಲ್ಲ ಹೊರಗೆ ಹಾಕಿದೆ; ಕೀಲಿಕೈಗಳನ್ನು ಹಾಕಲು ಮಾತ್ರ ಮನಸ್ಸು ಬರಲಿಲ್ಲ. ಈಗಲೂ ಅವು ನನ್ನ ಮೇಜಿನ ಖಾನೆಯಲ್ಲಿವೆ.

ತಂದೆಯವರಿಗೆ ಟ್ರಂಕಿನ ಅಳತೆಯೇ ಒಂದು ಕಟ್ಟುಪಾಡಾಗಿತ್ತು. ಅದು ತುಂಬಿದ ಮೇಲೆ ಹೊಸದೇನನ್ನಾದರೂ ಸೇರಿಸಬೇಕಾದರೆ ಹಳೆಯದೇನನ್ನಾದರೂ ತೆಗೆಯಲೇಬೇಕು. ನನಗೆ ಆ ಕಟ್ಟುಪಾಡೂ ಇಲ್ಲದಂತಾದದ್ದು 2011ರಲ್ಲಿ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮಗ ತನ್ನ ಮೊದಲ ವರ್ಷದ ಉಳಿತಾಯದಲ್ಲಿ ನನಗೊಂದು ಕಂಪ್ಯೂಟರ್ ತಂದುಕೊಟ್ಟ. ಅಂತರಜಾಲದ ಪುಟಗಳನ್ನು ತೆರೆದು ತೋರಿಸುವ ಬ್ರೌಸರ್ ಎಂಬುದನ್ನು ಪರಿಚಯಿಸಿ, ವಿಳಾಸ ಬರೆಯುವ ಪಟ್ಟಿಯ ಅಂಚಿನಲ್ಲಿದ್ದ ಪುಟ್ಟ ನಕ್ಷತ್ರವೊಂದನ್ನು ತೋರಿಸಿದ. "ಅಪ್ಪಾ, ಬೇಕಾದ ಪುಟ ಸಿಕ್ಕಾಗ ಇದನ್ನ ಒತ್ರಿ. ಅದಕ್ಕ ಬುಕ್‌ಮಾರ್ಕ್ ಅಂತಾರ. ಮತ್ತ ಬೇಕಂದಾಗ ಸಿಗ್ತದ" ಎಂದು ಹೇಳಿ ಊರಿಗೆ ಹೊರಟುಹೋದ. ನಾನು ಒತ್ತತೊಡಗಿದೆ.

ನಾವು ಹುಡುಗರಾಗಿದ್ದಾಗ ಪಠ್ಯಪುಸ್ತಕದ ನಡುವೆ ನವಿಲುಗರಿ ಇಡುತ್ತಿದ್ದೆವು. ಅದು ಮರಿ ಹಾಕುತ್ತದೆಂದು ನಂಬಿ ದಿನಕ್ಕೆ ನಾಲ್ಕು ಬಾರಿ ತೆರೆದು ನೋಡುತ್ತಿದ್ದೆವು. ಯಾವ ಗರಿಯೂ ಮರಿ ಹಾಕಲಿಲ್ಲ. ಅಂದು ಹುಟ್ಟಬೇಕಾಗಿದ್ದ ಆ ಸಂತಾನವೆಲ್ಲ ಇಷ್ಟು ವರ್ಷಗಳ ಮೇಲೆ ನನ್ನ ಕಂಪ್ಯೂಟರಿಗೆ ಬಂದು ಸೇರಿತೆಂದು ತೋರುತ್ತದೆ. ಕಳೆದ ಚಳಿಗಾಲದಲ್ಲಿ ಎಣಿಸಿದಾಗ ನಾನು ಇಟ್ಟ ಪುಟಗುರುತುಗಳ ಸಂಖ್ಯೆ 2,916 ಆಗಿತ್ತು.

ಇಷ್ಟೊಂದು ಗುರುತುಗಳನ್ನು ಒಂದು ಕ್ರಮದಲ್ಲಿ ಇಟ್ಟಿದ್ದರೆ ಅದೂ ಒಂದು ಗ್ರಂಥಭಂಡಾರವೇ ಆಗುತ್ತಿತ್ತು. ನಾನಾದರೋ ಕಣದಲ್ಲಿ ರಾಶಿ ಸುರಿದಂತೆ ಸುರಿದಿದ್ದೆ. ಮೊದಮೊದಲು ಉತ್ಸಾಹದಿಂದ ಕೆಲವು ಫೋಲ್ಡರುಗಳನ್ನು ಮಾಡಿದ್ದುಂಟು. ಒಂದರ ಹೆಸರು 'ಆಮೇಲೆ ಓದುವುದು'. ಅದು ತುಂಬಿ ತುಳುಕಿದಾಗ 'ಅವಶ್ಯ ಓದುವುದು' ಎಂಬ ಇನ್ನೊಂದನ್ನು ತೆರೆದೆ. ಅದೂ ಕೈಮೀರಿದಾಗ 'ಈ ವಾರ ಓದುವುದು' ಎಂಬ ಮೂರನೆಯದು ಹುಟ್ಟಿತು. ಈ ವಾರ ಎಂದರೆ 2013ರ ಜೂನ್ ತಿಂಗಳ ಒಂದು ವಾರ. ಇದಲ್ಲದೆ ಇನ್ನೊಂದು ತೊಡಕು ಇತ್ತು. ನಕ್ಷತ್ರವನ್ನು ಒತ್ತಿದಾಗ ಬ್ರೌಸರ್ ಆ ಪುಟ ತನಗೆ ತಾನೇ ಇಟ್ಟುಕೊಂಡ ಹೆಸರನ್ನೇ ಬರೆದುಕೊಳ್ಳುತ್ತದೆ. ನಮ್ಮ ಜಾಲತಾಣಗಳಲ್ಲಿ ಹೆಚ್ಚಿನವು ತಮ್ಮನ್ನು 'ಮುಖಪುಟ' ಎಂದು ಮಾತ್ರ ಕರೆದುಕೊಳ್ಳುತ್ತವೆ. ನನ್ನ ಸಂಗ್ರಹದಲ್ಲಿ 'ಮುಖಪುಟ' ಎಂಬ ಹೆಸರಿನ ಗುರುತುಗಳೇ ಅರವತ್ತೆಂಟು ಇದ್ದವು. ಒಂದೇ ತರಗತಿಯಲ್ಲಿ ಅರವತ್ತೆಂಟು ಮಂದಿ ಬಸವರಾಜರಿದ್ದರೆ ಹಾಜರಿ ಕರೆಯುವ ಮಾಸ್ತರನ ಪಾಡು ಏನಾಗಬೇಕು?

ಹಾಗಿದ್ದರೂ ನನಗೆ ಚಿಂತೆಯಿರಲಿಲ್ಲ. ಜೋಳವನ್ನು ಹಗೇವಿನಲ್ಲಿ ಹಾಕಿ ಮಣ್ಣು ಮುಚ್ಚಿದ ಒಕ್ಕಲಿಗನಂತೆ ನಿಶ್ಚಿಂತೆಯಿಂದ ಇದ್ದೆ. ಬೇಕಾದಾಗ ತೆಗೆದರಾಯಿತು, ಎಲ್ಲಿಗೆ ಹೋಗುತ್ತದೆ?

ಆ ನಿಶ್ಚಿಂತೆಯನ್ನು ಕೆಡಿಸಿದವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ.

ನಮ್ಮ ತಿಂಥಣಿ ಕೃಷ್ಣಾನದಿಯ ದಂಡೆಯ ಊರು. ನಾರಾಯಣಪುರದ ಬಸವಸಾಗರ ಅಣೆಕಟ್ಟೆಯಿಂದ ಮಳೆಗಾಲದಲ್ಲಿ ನೀರು ಬಿಟ್ಟರೆ ಹೊಳೆ ದಂಡೆ ತುಂಬಿ ಹರಿಯುವುದನ್ನು ನಾವು ಮನೆಯಲ್ಲಿ ಕುಳಿತೇ ಕೇಳುತ್ತೇವೆ. ಇಲ್ಲಿಯ ಮೌನೇಶ್ವರರ ಗುಡಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ವಚನಗಳನ್ನು ರಚಿಸಿದ ಆ ಸಂತರ ನೆಲದಲ್ಲಿ ಹಾಡಿಕೆಯೂ ಹುಟ್ಟಿ ಬೆಳೆದದ್ದು ಸಹಜವೇ. ಏಕತಾರಿ ಹಿಡಿದು ತತ್ವಪದ ಹಾಡುವವರು ನಮ್ಮ ಓಣಿ ಓಣಿಗಳಲ್ಲಿದ್ದರು. ಅವರಲ್ಲಿ ಒಬ್ಬ ಹಿರಿಯರು ನಮ್ಮ ಮನೆಯ ಹಿಂದಿನ ಓಣಿಯಲ್ಲಿಯೇ ಇದ್ದರು. ಓದು ಬರಹ ಬಾರದು. ನೂರಾರು ಪದಗಳು ಬಾಯಲ್ಲಿ. ಅವುಗಳಲ್ಲಿ ಕೆಲವು ಯಾವ ಮುದ್ರಿತ ಸಂಕಲನದಲ್ಲಿಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. 2014ರಲ್ಲಿ ತತ್ವಪದಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ತರುಣ ಅಧ್ಯಾಪಕರೊಬ್ಬರು ಬಂದು, ಎರಡು ದಿನ ಉಳಿದು, ಅವರ ನಾಲ್ಕು ಪದಗಳನ್ನು ಧ್ವನಿಮುದ್ರಿಸಿಕೊಂಡು ಹೋದರು. ತಿಂಗಳೊಪ್ಪತ್ತಿನಲ್ಲಿ ಆ ಧ್ವನಿಯನ್ನೂ ಪದಗಳ ಪಾಠವನ್ನೂ ತಮ್ಮದೊಂದು ಜಾಲಪುಟದಲ್ಲಿ ಹಾಕಿ ನನಗೆ ವಿಳಾಸ ಕಳಿಸಿದರು.

ಅಂದು ಸಂಜೆ ಆ ಹಿರಿಯರನ್ನು ಮನೆಗೆ ಕರೆಸಿ ಪಡಸಾಲೆಯಲ್ಲಿ ಕೂರಿಸಿ ಕೇಳಿಸಿದೆ. ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿ, "ಯಾರೋ ಚೊಲೊ ಹಾಡ್ತಾನ ನೋಡ್ರಿ ಮಾಸ್ತರ" ಎಂದು ನಕ್ಕರು. ಅವರು ಹೋದ ಮೇಲೆ ನಾನು ಎಂದಿನಂತೆ ನಕ್ಷತ್ರವನ್ನು ಒತ್ತಿದೆ. ಧ್ವನಿಯ ಪಟ್ಟಿಯ ಪಕ್ಕದಲ್ಲಿ ಕೆಳಮುಖವಾದ ಬಾಣದ ಗುರುತೂ ಇತ್ತು. ಅದನ್ನು ಒತ್ತಿದ್ದರೆ ಧ್ವನಿಯೇ ನನ್ನ ಕಂಪ್ಯೂಟರಿಗೆ ಇಳಿದುಬರುತ್ತಿತ್ತು. ನಾನು ಒತ್ತಲಿಲ್ಲ. ಪುಟವೇ ಇರುವಾಗ ಅದರ ನಕಲು ಏಕೆ?

ಆ ಹಿರಿಯರು 2017ರಲ್ಲಿ ತೀರಿಕೊಂಡರು.

ಮೇಲೆ ಹೇಳಿದ ಹುಡುಗಿ ಅವರ ಮೊಮ್ಮಗಳು. ನಮ್ಮ ಕಡೆ ಅಜ್ಜನನ್ನು ಮುತ್ಯಾ ಎಂದೂ ಅಜ್ಜಿಯನ್ನು ಆಯಿ ಎಂದೂ ಕರೆಯುವುದುಂಟು. ಒಂದು ಭಾನುವಾರ ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತು ಕೇಳಿದಳು: "ಸರ, ನಮ್ಮ ಮುತ್ಯಾನ ದನಿ ನಿಮ್ಮ ಕಂಪ್ಯೂಟರ್‌ದಾಗ ಅದ ಅಂತ ಆಯಿ ಹೇಳಿದ್ಳು. ನಂಗ ದನಿ ನೆನಪಿಲ್ರಿ. ಒಂದು ಸಲ ಕೇಳಿಸ್ತೀರೇನ್ರಿ?"

"ಅದಕ್ಕೇನಂತ, ಬಾ ಕೂಡು" ಎಂದು ದೊಡ್ಡಸ್ತಿಕೆಯಿಂದ ಹೇಳಿ ಕಂಪ್ಯೂಟರಿನ ಮುಂದೆ ಕುಳಿತೆ. ಪುಟದ ಹೆಸರು ನೆನಪಿಲ್ಲ. 'ತತ್ವಪದ' ಎಂದು ಹುಡುಕಿದೆ. ನನ್ನ ಗುರುತುಗಳಲ್ಲಿ ಆ ಹೆಸರಿನವು ಹತ್ತಾರು ಸಿಕ್ಕವು, ಅದು ಸಿಗಲಿಲ್ಲ. 'ತಿಂಥಣಿ' ಎಂದು ಹುಡುಕಿದೆ. ಜಾತ್ರೆಯ ಚಿತ್ರಗಳು ಬಂದವು. ಅರ್ಧ ಗಂಟೆ ಕಳೆಯಿತು. ಹುಡುಗಿ ಗೋಡೆಯ ಮೇಲಿನ ಕ್ಯಾಲೆಂಡರನ್ನು ಮೂರು ಬಾರಿ ಓದಿ ಮುಗಿಸಿದಳು. ಕೊನೆಗೆ, "ಮುಂದಿನ ಭಾನುವಾರ ಬಾರವ್ವ, ತೆಗೆದು ಇಟ್ಟಿರ್ತೀನಿ" ಎಂದೆ. ಮೂವತ್ತು ವರ್ಷ ಮಕ್ಕಳಿಗೆ 'ಪುಸ್ತಕಗಳನ್ನು ಒಪ್ಪವಾಗಿ ಇಟ್ಟುಕೊಳ್ಳಿ' ಎಂದು ಬೋಧಿಸಿದವನು ನಾನು. ಅವಳು ಹೋದ ಮೇಲೆ ನನ್ನ ಮುಖ ನನಗೇ ತೋರಿಸಲಾರದಂತಾಯಿತು.

ಹೀಗೆ ಆರಂಭವಾಯಿತು ನನ್ನ ರಾಶಿ ಹಸನುಮಾಡುವ ಕೆಲಸ.

ಮೊದಲನೆಯ ದಿನ ಒಂದೇ ಪುಟಕ್ಕೆ ಮತ್ತೆ ಮತ್ತೆ ಇಟ್ಟ ಗುರುತುಗಳನ್ನು ಕಿತ್ತೆ. ಸುರಪುರ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನ ಆತ್ಮಕಥೆ 1877ರಲ್ಲಿ ಪ್ರಕಟವಾಯಿತು. ಸುರಪುರದ ವೆಂಕಟಪ್ಪ ನಾಯಕನ ಬಾಲ್ಯವನ್ನು ಹತ್ತಿರದಿಂದ ಕಂಡವನ ಪುಸ್ತಕವೆಂದು ನನಗೆ ಅದರ ಮೇಲೆ ಎಲ್ಲಿಲ್ಲದ ಆಸೆ. ಅದಕ್ಕೆ ಐದು ಬಾರಿ ನಕ್ಷತ್ರ ಒತ್ತಿದ್ದೆ. ಓದಿದ್ದು ಮೊದಲ ಅಧ್ಯಾಯ ಮಾತ್ರ. ಅದೂ ಐದು ಬಾರಿ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟಿಗೆ ನಾಲ್ಕು ಗುರುತುಗಳು. ಮೊಣಕಾಲು ನೋವಿನ ವ್ಯಾಯಾಮಗಳಿಗೆ ಹದಿನೇಳು! ನೋವು ಹದಿನೇಳು ಬಾರಿ ಬಂದಿತ್ತೆಂದು ಇದರಿಂದ ತಿಳಿಯಿತೇ ಹೊರತು ವ್ಯಾಯಾಮ ಒಮ್ಮೆಯಾದರೂ ನಡೆದದ್ದಕ್ಕೆ ಯಾವ ಆಧಾರವೂ ದೊರೆಯಲಿಲ್ಲ.

ಎರಡನೆಯ ದಿನ ಕೆಲಸ ನಿಧಾನವಾಯಿತು. ಒಂದೊಂದು ಗುರುತೂ ಒಂದೊಂದು ಕಾಲದ ನನ್ನನ್ನು ಎದುರಿಗೆ ತಂದು ನಿಲ್ಲಿಸುತ್ತಿತ್ತು. ಫಾರಸಿ ಕಲಿಯುವ ಪಾಠಗಳು ಮೂವತ್ತೊಂದು. ಸಂಸ್ಥಾನದ ಕಾಲದ ಹಳೆಯ ಕಾಗದಗಳನ್ನು ಮೂಲದಲ್ಲಿಯೇ ಓದಬೇಕೆಂಬ ಹಂಬಲ ಐವತ್ತೈದನೆಯ ವಯಸ್ಸಿನಲ್ಲಿ ಹುಟ್ಟಿತ್ತು. ಅದು 'ಅಲಿಫ್' ದಾಟಿ 'ಬೇ' ತನಕ ನಡೆದು ಅಲ್ಲಿಯೇ ವಿಶ್ರಮಿಸಿತು. ಜೇನು ಸಾಕುವ ವಿಧಾನಗಳು, ಆಕಾಶವೀಕ್ಷಣೆ, ಬೆಂಗಾಲಿಯಲ್ಲಿ ಟಾಗೋರರನ್ನು ಓದುವ ಮಾರ್ಗ, ಮಣ್ಣಿನ ಮಾಳಿಗೆ ಸೋರದಂತೆ ಮಾಡುವ ಉಪಾಯ. ಇವುಗಳನ್ನೆಲ್ಲ ಸಾಧಿಸಿದ ಒಬ್ಬ ಮಹಾನುಭಾವ ನನ್ನೊಳಗೆ ಎಲ್ಲಿಯೋ ಇದ್ದಾನೆಂದೂ, ಪುರಸತ್ತು ದೊರೆತ ಕೂಡಲೇ ಎದ್ದು ಬರುತ್ತಾನೆಂದೂ ನಾನು ಇಷ್ಟು ದಿನ ನಂಬಿದ್ದೆ. ಒಂದು ಗುರುತನ್ನು ಅಳಿಸುವುದೆಂದರೆ ಅವನ ಒಂದು ಕೈಯನ್ನೋ ಕಾಲನ್ನೋ ಕತ್ತರಿಸಿದ ಹಾಗೆ ಆಗುತ್ತಿತ್ತು. ಕಸ ಬೇಡವೆಂದು ಬಿಸಾಡುವುದು ಸುಲಭ. ಆಸೆಯನ್ನು ಬಿಸಾಡುವುದು ಸುಲಭವಲ್ಲ. ಚಹಾ ತಂದಿಟ್ಟ ನನ್ನ ಹೆಂಡತಿ ತೆರೆಯನ್ನು ಸ್ವಲ್ಪ ಹೊತ್ತು ನೋಡಿ, "ಇದರಾಗ ಓದಿದ್ದು ಎಷ್ಟ್ರಿ?" ಎಂದು ಕೇಳಿದಳು. ಚಹಾ ಆರುತ್ತಿದೆ ಎಂಬ ನೆವದಿಂದ ಆ ಪ್ರಶ್ನೆಯನ್ನು ದಾಟಿದೆ. ಫಾರಸಿಯನ್ನೂ ಬೆಂಗಾಲಿಯನ್ನೂ ಅಳಿಸಿದೆ. ಆಕಾಶವೀಕ್ಷಣೆಯ ಎರಡು ಗುರುತುಗಳನ್ನು ಉಳಿಸಿಕೊಂಡೆ. ಅದಕ್ಕೆ ಬೇಕಾದದ್ದು ಮಾಳಿಗೆ ಮತ್ತು ನಿದ್ರೆ ಬಾರದ ರಾತ್ರಿ, ಎರಡೂ ನನ್ನಲ್ಲಿವೆ.

ಉಳಿದವುಗಳನ್ನು ವಿಂಗಡಿಸಲು ಕುಳಿತಾಗ ಇನ್ನೊಂದು ಸಂಕಟ. 'ವಚನ ಸಂಚಯ' ಎಂಬ ಜಾಲತಾಣವಿದೆ. 20,000ಕ್ಕೂ ಹೆಚ್ಚು ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆಯೆಂದು ಅದು ಕ್ಷಣದಲ್ಲಿ ಹುಡುಕಿಕೊಡುತ್ತದೆ. ಅದನ್ನು 'ವಚನ ಸಾಹಿತ್ಯ'ದಲ್ಲಿ ಇಡಬೇಕೋ 'ನಿಘಂಟು ಮತ್ತು ಪದಕೋಶ'ದಲ್ಲಿ ಇಡಬೇಕೋ? ಕಿಟೆಲ್ 'ನಿಘಂಟು'ವಿಗೆ ಸೇರಿದವನೋ 'ಕನ್ನಡಕ್ಕೆ ದುಡಿದ ಪರದೇಶದವರು' ಎಂಬಲ್ಲಿಗೋ? ಗ್ರಂಥಾಲಯದವರಿಗೆ ಇದು ಹಳೆಯ ಸಮಸ್ಯೆ. ಮದರಾಸಿನಲ್ಲಿ ಗಣಿತದ ಅಧ್ಯಾಪಕರಾಗಿದ್ದ ಎಸ್. ಆರ್. ರಂಗನಾಥನ್ ಅವರು 1924ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ತರಬೇತಿಗಾಗಿ ಲಂಡನ್ನಿಗೆ ಹೋದರು. ಅಲ್ಲಿಯ ಅಂಗಡಿಯೊಂದರಲ್ಲಿ ಲೋಹದ ಪಟ್ಟಿ, ಗಾಲಿ, ತಿರುಪುಗಳಿಂದ ಬೇಕಾದ ಆಟಿಕೆ ಜೋಡಿಸುವ ಮೆಕ್ಯಾನೊ ಎಂಬ ಆಟದ ಸಾಮಾನನ್ನು ಕಂಡಾಗ ಅವರಿಗೆ ಒಂದು ಉಪಾಯ ಹೊಳೆಯಿತಂತೆ. ಪುಸ್ತಕವನ್ನು ಒಂದೇ ಗೂಡಿಗೆ ನೂಕುವುದರ ಬದಲು ಅದರ ವಿಷಯದ ಬೇರೆ ಬೇರೆ ಮುಖಗಳನ್ನು ಗುರುತಿಸಿ, ಆ ಮುಖಗಳನ್ನು ಜೋಡಿಸಿ ಅದಕ್ಕೊಂದು ಸಂಖ್ಯೆ ಕೊಡಬಾರದೇಕೆ? 1933ರಲ್ಲಿ ಪ್ರಕಟವಾದ ಅವರ ದ್ವಿಬಿಂದು ವರ್ಗೀಕರಣದ ಮೂಲ ಇದು. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲಿಯೇ ಕಳೆದು 1972ರಲ್ಲಿ ತೀರಿಕೊಂಡರು. ಓದುಗನ ಸಮಯವನ್ನು ಉಳಿಸು ಎಂಬುದು ಅವರು 1931ರಲ್ಲಿ ಹೇಳಿದ ಐದು ಸೂತ್ರಗಳಲ್ಲಿ ಒಂದು. ಬಾಗಿಲಲ್ಲಿ ಅರ್ಧ ಗಂಟೆ ಕಾದು ಬರಿಗೈಯಲ್ಲಿ ಹೋದ ಹುಡುಗಿ ನೆನಪಾದಳು. ಗುರುತಿನ ಹೆಸರನ್ನೇ ತಿದ್ದಿ ಬರೆಯಲು ಬರುತ್ತದೆಂದು ನನಗೆ ತಿಳಿದದ್ದು ಅಂದು. 'ಮುಖಪುಟ' ಎಂದಿದ್ದ ಕಡೆ 'ವಚನ, ಪದಹುಡುಕಾಟ, ನಿಘಂಟಿನಂತೆ ಬಳಸಬಹುದು' ಎಂದು ಬರೆದೆ. ಇನ್ನು ಅದು ಯಾವ ಫೋಲ್ಡರಿನಲ್ಲಿದ್ದರೂ ಯಾವ ಪದದಿಂದಲಾದರೂ ಸಿಗುತ್ತದೆ.

ಹೆಸರು ತಿದ್ದಬೇಕಾದರೆ ಪ್ರತಿಯೊಂದನ್ನೂ ತೆರೆದು ನೋಡಬೇಕಷ್ಟೆ. ನೋಡುತ್ತ ಹೋದಂತೆ ನನ್ನ ಎದೆ ಕುಸಿಯತೊಡಗಿತು. ಹತ್ತರಲ್ಲಿ ನಾಲ್ಕು ತೆರೆಯುತ್ತಲೇ ಇರಲಿಲ್ಲ. ಕೇಳಿದ ಪುಟ ಇಲ್ಲವಾದರೆ 404 ಎಂಬ ಸಂಖ್ಯೆ ಕಾಣಿಸಿಕೊಳ್ಳುತ್ತದೆ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿಗೆ ನಾವು ಬರೆಯುತ್ತಿದ್ದ ಗುರುತಿನಂತೆ ಆ ಸಂಖ್ಯೆ ಸಾಲುಸಾಲಾಗಿ ಬಂದಿತು. ಒಂದು ಸಾಹಿತ್ಯಪತ್ರಿಕೆಯ ವಿಳಾಸವನ್ನು ಒತ್ತಿದರೆ ಪಾದರಕ್ಷೆ ಮಾರುವ ಅಂಗಡಿ ತೆರೆಯಿತು. ಜಾಲದಲ್ಲಿ ಹೆಸರೂ ಬಾಡಿಗೆಯದೇ. ಅವಧಿ ಮುಗಿದಾಗ ಹಣ ಕಟ್ಟದಿದ್ದರೆ ಅದೇ ಹೆಸರನ್ನು ಬೇರೆಯವರು ಕೊಳ್ಳಬಹುದು. ಇನ್ನು ಕೆಲವು ಪುಟಗಳು ಇದ್ದೂ ಇಲ್ಲದಂತಿದ್ದವು. ಎಲ್ಲ ಯಂತ್ರಗಳಿಗೂ ಒಂದೇ ಆಗಿರುವ ಯುನಿಕೋಡ್ ಸಂಕೇತಗಳು ಕನ್ನಡದಲ್ಲಿ ಬಳಕೆಗೆ ಬರುವ ಮುನ್ನ ಒಬ್ಬೊಬ್ಬರು ಒಂದೊಂದು ಅಕ್ಷರಶೈಲಿಯಲ್ಲಿ ಜಾಲಪುಟಗಳನ್ನು ಬರೆಯುತ್ತಿದ್ದರು. ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡವೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ.

ನನ್ನ ಅದೃಷ್ಟವೇ ಹೀಗೋ ಎಂದು ವಿಚಾರಿಸಿದೆ. ಅಮೆರಿಕೆಯ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಒಂದು ಪರಿಶೀಲನೆಯನ್ನು ಪ್ರಕಟಿಸಿದೆ. 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇಕಡಾ 38ರಷ್ಟು ಹತ್ತು ವರ್ಷಗಳಲ್ಲಿ ಇಲ್ಲವಾಗಿದ್ದವಂತೆ. ನಾವು ಜಾಲವನ್ನು ಕಲ್ಲಿನ ಶಾಸನವೆಂದು ತಿಳಿದಿದ್ದೇವೆ. ಅದು ಹೊಳೆಯ ಮರಳಿನ ಮೇಲಿನ ಬರಹಕ್ಕೆ ಹೆಚ್ಚು ಹತ್ತಿರ.

ಶನಿವಾರ ಸಂಜೆಯಾದರೂ ಹಾಡಿನ ಪುಟ ಸಿಗಲಿಲ್ಲ. ಭಾನುವಾರ ಹುಡುಗಿ ಬಂದಳು. ಈ ಬಾರಿ ಸುಳ್ಳು ಧೈರ್ಯ ಹೇಳದೆ ಇದ್ದ ಸಂಗತಿ ತಿಳಿಸಿದೆ. ಅವಳು, "ಯಾವ ವರ್ಷ ಇಟ್ಟದ್ದು ಗೊತ್ತೇನ್ರಿ?" ಎಂದಳು. ಅದು ಗೊತ್ತಿತ್ತು. ಆಗ ಮಗ ಫೋನಿನಲ್ಲಿ ಹಿಂದೊಮ್ಮೆ ಹೇಳಿದ್ದ ಮಾತು ನೆನಪಾಯಿತು. ಪುಟಗುರುತುಗಳನ್ನೆಲ್ಲ ಒಂದು ಕಡತವಾಗಿ ಹೊರಗೆ ತೆಗೆಯಬಹುದು; ಆ ಕಡತದಲ್ಲಿ ಪ್ರತಿಯೊಂದು ಗುರುತಿನ ಜೊತೆಗೂ ಅದನ್ನು ಇಟ್ಟ ಕಾಲ ದಾಖಲಾಗಿರುತ್ತದೆ. ಆದರೆ ಅದು ದಿನಾಂಕದ ರೂಪದಲ್ಲಿ ಇರುವುದಿಲ್ಲ. 1970ರ ಜನವರಿ 1ರಿಂದ ಎಷ್ಟು ಸೆಕೆಂಡುಗಳು ಕಳೆದವೆಂಬ ಎಣಿಕೆಯಲ್ಲಿ ಇರುತ್ತದೆ. ಹುಡುಗಿ ಕಾಗದ ಪೆನ್ಸಿಲು ಕೇಳಿ ಪಡೆದಳು. ವರ್ಷಕ್ಕೆ 365 ದಿನ, ದಿನಕ್ಕೆ 86,400 ಸೆಕೆಂಡು. 1970ರಿಂದ 2013ರ ಕೊನೆಯವರೆಗೆ 44 ವರ್ಷ. ಗುಣಿಸಿ 138 ಕೋಟಿ 75 ಲಕ್ಷದ ಹತ್ತಿರ ತಂದಳು. "ಅಧಿಕ ವರ್ಷ ಬಿಟ್ಟಿ" ಎಂದೆ. ನಾಲಗೆ ಕಚ್ಚಿಕೊಂಡು 1972ರಿಂದ 2012ರವರೆಗೆ ಹನ್ನೊಂದು ದಿನಗಳನ್ನು ಕೂಡಿಸಿದಳು: 138,85,34,400. ಅದು 2014 ಕಣ್ಣು ತೆರೆದ ಗಳಿಗೆ. ಆ ವರ್ಷ ಮುಗಿಯುವುದು 142 ಕೋಟಿ 70 ಸಾವಿರದ ಆಸುಪಾಸಿನಲ್ಲಿ. ಆ ಎರಡು ಸಂಖ್ಯೆಗಳ ನಡುವೆ ನನ್ನ ಗುರುತುಗಳು ಇದ್ದದ್ದು 212. ಅವುಗಳಲ್ಲಿ 'ಮುಖಪುಟ'ಗಳು ಆರು. ನಾಲ್ಕನೆಯ 'ಮುಖಪುಟ'ದ ವಿಳಾಸದಲ್ಲಿ ಆ ಅಧ್ಯಾಪಕರ ಹೆಸರು ಕಂಡಿತು.

ಒತ್ತಿದೆ. ಪುಟ ತೆರೆಯಲಿಲ್ಲ. ಅವರು ಪುಕ್ಕಟೆಯಾಗಿ ಜಾಗ ಕೊಡುತ್ತಿದ್ದ ಒಂದು ಜಾಲತಾಣದಲ್ಲಿ ಅದನ್ನು ಇಟ್ಟಿದ್ದರು. ಆ ಜಾಲತಾಣವೇ ಮುಚ್ಚಿಹೋಗಿತ್ತು.

ಹುಡುಗಿ ಏನೂ ಹೇಳಲಿಲ್ಲ. ಕಾಗದದ ಮೇಲಿನ ಲೆಕ್ಕವನ್ನು ಮತ್ತೊಮ್ಮೆ ನೋಡುತ್ತಿದ್ದಳು. ತಪ್ಪು ತನ್ನ ಗುಣಾಕಾರದಲ್ಲಿ ಎಲ್ಲಿಯಾದರೂ ಇರಬಹುದೇ ಎಂಬಂತೆ.

ಜಾಲದ ಪುಟಗಳನ್ನು ನಕಲು ಮಾಡಿ ಇಡುವ ಒಂದು ಸಂಸ್ಥೆ ಇದೆ. ಇಂಟರ್ನೆಟ್ ಆರ್ಕೈವ್ ಎಂದು ಹೆಸರು. ಬ್ರೂಸ್ಟರ್ ಕೇಲ್ ಎಂಬವರು 1996ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ ಸ್ಥಾಪಿಸಿದರು. ಅದರ ಯಂತ್ರಗಳು ಜಾಲದಲ್ಲಿ ಸುತ್ತಾಡುತ್ತ ಕಂಡ ಪುಟಗಳ ಪ್ರತಿ ತೆಗೆದುಕೊಳ್ಳುತ್ತವೆ. ಸತ್ತ ವಿಳಾಸವನ್ನು ಅಲ್ಲಿ ಬರೆದರೆ, ಪ್ರತಿ ಇದ್ದರೆ, ಯಾವ ದಿನದ್ದೆಂಬ ವಿವರದೊಡನೆ ತೋರಿಸುತ್ತದೆ. 2001ರಿಂದ ಇದು ಎಲ್ಲರಿಗೂ ತೆರೆದಿದೆ. ಬರೆದು ನೋಡಿದೆವು. 2015ರ ಮಾರ್ಚ್ ತಿಂಗಳಲ್ಲಿ ಒಂದೇ ಒಂದು ಬಾರಿ ಅದರ ಯಂತ್ರ ನಮ್ಮ ಪುಟಕ್ಕೆ ಬಂದು ಹೋಗಿತ್ತು! ಮುತ್ಯಾನ ಹೆಸರು, ಊರು, ಎರಡು ಪದಗಳ ಪೂರ್ಣ ಪಾಠ ಎಲ್ಲವೂ ಇದ್ದವು. ಉಳಿದೆರಡು ಪದಗಳು ಬೇರೊಂದು ಪುಟದಲ್ಲಿದ್ದವು; ಯಂತ್ರ ಅಲ್ಲಿಗೆ ಹೋಗಿರಲಿಲ್ಲ. ಧ್ವನಿಯ ಪಟ್ಟಿ ಇತ್ತು. ಒತ್ತಿದರೆ ಸದ್ದಿಲ್ಲ. ಬರಹ ಉಳಿದಿತ್ತು, ದನಿ ಉಳಿದಿರಲಿಲ್ಲ.

ಅಧ್ಯಾಪಕರಿಗೆ ಫೋನು ಮಾಡಿದೆ. ಅವರು ಈಗ ದೂರದ ಊರಿನಲ್ಲಿದ್ದಾರೆ. ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ಆಗಿನ ಫೋನು ಕೆಟ್ಟುಹೋಯಿತೆಂದೂ ಕಂಪ್ಯೂಟರು ಬದಲಾಯಿತೆಂದೂ ಹೇಳಿ, "ಜಾಲದಾಗ ಇತ್ತಲ್ರಿ ಸರ, ಅದಕ್ಕ ಬ್ಯಾರೆ ಕಡೆ ಇಡ್ಲಿಲ್ಲ" ಎಂದರು. ಅವರನ್ನು ನಾನು ಯಾವ ಬಾಯಿಂದ ಆಕ್ಷೇಪಿಸಲಿ? ಅವರು ಜಾಲವನ್ನು ನಂಬಿದ್ದರು. ನಾನು ಅವರ ಪುಟವನ್ನು ನಂಬಿದ್ದೆ. ಮುತ್ಯಾನ ಮನೆಯವರು ನನ್ನನ್ನು ನಂಬಿದ್ದರು. ನನ್ನಲ್ಲಿದ್ದದ್ದು ಒಂದು ವಿಳಾಸ. ನನ್ನ ಮೇಜಿನ ಖಾನೆಯಲ್ಲಿದ್ದ ಹನ್ನೊಂದು ಕೀಲಿಕೈಗಳಿಗೆ ಅದು ಹನ್ನೆರಡನೆಯದು.

ಆ ರಾತ್ರಿ ಮಾಳಿಗೆಯ ಮೇಲೆ ಮಲಗಿದ್ದಾಗ ಫ. ಗು. ಹಳಕಟ್ಟಿಯವರು ನೆನಪಾದರು. ವಿಜಯಪುರದಲ್ಲಿ ವಕೀಲರಾಗಿದ್ದ ಅವರು ಊರೂರು ಅಲೆದು, ಮಠಗಳಲ್ಲಿಯೂ ಮನೆಗಳಲ್ಲಿಯೂ ಕಟ್ಟಿಟ್ಟಿದ್ದ ತಾಳೆಗರಿಗಳನ್ನು ಹುಡುಕಿ ತೆಗೆದು, ವಚನಗಳನ್ನು ಪ್ರತಿ ಮಾಡಿದರು, ಹೋಲಿಸಿದರು, ತಿದ್ದಿದರು. 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಹೊರಬಂದಿತು. ಇಂಥ ಊರಿನ ಇಂಥ ಮನೆಯ ಅಟ್ಟದಲ್ಲಿ ಒಂದು ಕಟ್ಟು ಇದೆ ಎಂದು ಅವರು ವಿಳಾಸಗಳನ್ನಷ್ಟೇ ಬರೆದಿಟ್ಟುಕೊಂಡು ಮನೆಗೆ ಬಂದಿದ್ದರೆ? ಗೆದ್ದಲು ವಿಳಾಸವನ್ನು ತಿನ್ನುವುದಿಲ್ಲ, ಗರಿಯನ್ನು ತಿನ್ನುತ್ತದೆ. ಅವರ ಕಾಲದಲ್ಲಿ ಒಂದು ಗರಿಯ ಪ್ರತಿ ಮಾಡಲು ದಿನಗಟ್ಟಲೆ ಕಣ್ಣು ನೋಯಿಸಿಕೊಳ್ಳಬೇಕಾಗಿತ್ತು. ನನಗೆ ಬೇಕಾಗಿದ್ದದ್ದು ಬೆರಳಿನ ಒಂದು ಒತ್ತು.

ಮರುದಿನದಿಂದ ನನ್ನ ಕೆಲಸದ ರೀತಿ ಬದಲಾಯಿತು. ಯಾವುದನ್ನು ಅಳಿಸಬೇಕೆಂಬುದಕ್ಕಿಂತ ಯಾವುದರ ಪ್ರತಿ ಬೇಕೆಂಬುದನ್ನು ನೋಡತೊಡಗಿದೆ. ಹೆಸರಾಂತ ನಿಘಂಟುಗಳು, ದೊಡ್ಡ ಸಂಸ್ಥೆಗಳ ಪುಸ್ತಕಭಂಡಾರಗಳು ಇವುಗಳಿಗೆ ಗುರುತು ಸಾಕು. ಅವುಗಳನ್ನು ಕಾಯುವವರು ಬೇರೆ ಇದ್ದಾರೆ. ಯಾರೋ ಒಬ್ಬರು ತಮ್ಮ ಊರಿನ ಹಬ್ಬದ ಬಗ್ಗೆ ಬರೆದದ್ದು, ಒಬ್ಬ ಕಂಬಾರರು ತಮ್ಮ ಉಪಕರಣಗಳ ಹೆಸರುಗಳನ್ನು ಪಟ್ಟಿ ಮಾಡಿದ್ದು, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಏಳು ಕವಿತೆಗಳು, ಇಂಥವುಗಳನ್ನು ಇಳಿಸಿ ಇಟ್ಟುಕೊಂಡೆ; ಆರ್ಕೈವಿಗೂ ಅವುಗಳ ವಿಳಾಸ ಕೊಟ್ಟು ಪ್ರತಿ ತೆಗೆಯುವಂತೆ ಮಾಡಿದೆ. ಕೆಲವನ್ನು ಕಾಗದದ ಮೇಲೆ ಅಚ್ಚು ತೆಗೆದೆ. ಮೂರು ವಾರಗಳ ಕೊನೆಗೆ 2,916ರಲ್ಲಿ ಉಳಿದವು 340. ಒಂದೊಂದಕ್ಕೂ ಅದು ಏನು, ಏಕೆ ಇಟ್ಟೆ ಎಂಬುದನ್ನು ಕನ್ನಡದಲ್ಲಿ ಬರೆದಿದ್ದೇನೆ. 'ಈ ವಾರ ಓದುವುದು' ಎಂಬ ಫೋಲ್ಡರನ್ನು ತೆಗೆಯಲಿಲ್ಲ. ಅದರಲ್ಲಿ ಟೇಲರನ ಪುಸ್ತಕ ಒಂದೇ ಇದೆ. ಈಗ ನಾಲ್ಕನೆಯ ಅಧ್ಯಾಯದಲ್ಲಿದ್ದೇನೆ.

ಮೊನ್ನೆ ಭಾನುವಾರ ಸಿಕ್ಕ ಎರಡು ಪದಗಳ ಅಚ್ಚುಪ್ರತಿಯನ್ನು ಹಿಡಿದು ಮುತ್ಯಾನ ಮನೆಗೆ ಹೋದೆ. ಆಯಿಗೆ ಓದಲು ಬಾರದು. ಮೊಮ್ಮಗಳು ಓದಿದಳು. ಎರಡನೆಯ ಸಾಲಿಗೇ ಆಯಿ ಕೈ ಎತ್ತಿ ತಡೆದು, "ಹಂಗಲ್ಲ ಅದು" ಎಂದು, ಓದುವುದಕ್ಕಾಗಿ ಅಲ್ಲ ಹಾಡುವುದಕ್ಕಾಗಿ ಇರುವ ಅದರ ಎಳೆತವನ್ನು ಹಿಡಿದು ತಾನೇ ಹಾಡಿಬಿಟ್ಟಳು. ನಾವು ಯಾರೂ ಅವಳು ಹಾಡಿದ್ದನ್ನು ಅದಕ್ಕೆ ಮುನ್ನ ಕೇಳಿರಲಿಲ್ಲ. ನಲವತ್ತು ವರ್ಷ ಗಂಡನ ಹಿಂದೆ ತಾಳ ಹಾಕುತ್ತ ಕುಳಿತವಳಿಗೆ ಬಾರದೆ ಇರುತ್ತದೆಯೆ? ಜಾಲದಲ್ಲಿ ಸಿಗದ ಮೂರನೆಯ ಪದವೂ ಅವಳಿಗೆ ಪೂರ್ತಿ ಬಂದಿತು. ಹುಡುಗಿ ಫೋನಿನಲ್ಲಿ ಮುದ್ರಿಸಿಕೊಂಡಳು. ಮುಗಿದ ಮೇಲೆ ನೋಟುಬುಕ್ಕಿನಲ್ಲಿಯೂ ಬರೆದುಕೊಂಡಳು. ಒಂದು ಪ್ರತಿಯನ್ನು ನನ್ನ ಫೋನಿಗೆ ಕಳಿಸಿದಳು. ಮನೆಗೆ ಬಂದೊಡನೆ ಅದನ್ನು ಎರಡು ಕಡೆ ಇಳಿಸಿ ಇಟ್ಟೆ.

ನಾಲ್ಕನೆಯ ಪದದ ಪಲ್ಲವಿ ಮತ್ತು ಎರಡು ನುಡಿಗಳು ಸಿಕ್ಕಿವೆ. ಮೂರನೆಯ ನುಡಿಯ ಕೊನೆಯ ಎರಡು ಸಾಲುಗಳು ಆಯಿಗೆ ನೆನಪಿಲ್ಲ. ಮುತ್ಯಾನ ಜೊತೆಗೆ ಹಾಡುತ್ತಿದ್ದ ಒಬ್ಬರು ಹೊಳೆಯಾಚೆ ಲಿಂಗಸುಗೂರಿನ ಕಡೆ ಒಂದು ಹಳ್ಳಿಯಲ್ಲಿದ್ದಾರಂತೆ; ವಯಸ್ಸು ಎಂಬತ್ತು ದಾಟಿದೆಯಂತೆ. ಬರುವ ಭಾನುವಾರ ಸೇತುವೆ ದಾಟಿ ಹೋಗಬೇಕೆಂದು ಹುಡುಗಿಯೂ ಅವಳ ತಂದೆಯೂ ನಾನೂ ಮಾತನಾಡಿಕೊಂಡಿದ್ದೇವೆ. ಬೆಳಗಿನ ಬಸ್ಸು ಹಿಡಿದರೆ ಬಿಸಿಲೇರುವ ಮುನ್ನ ಊರು ಸೇರಬಹುದು.